ಸ್ಪೀಕರ್ ತಂತಿ, ಪ್ಲಗ್, ಸ್ಪೈಕ್: ಇಂಥ ಚಿಕ್ಕ ವಸ್ತುಗಳಿಂದ ಧ್ವನಿ ನಿಜಕ್ಕೂ ಬದಲಾಗುತ್ತದೆಯೇ?

ಪ್ರಶ್ನೆ: ಮಂದ್ರಸ್ಥಾಯಿ

ಎಲ್ಲರಿಗೂ ನಮಸ್ಕಾರ. ಹಲವು ವರ್ಷಗಳಿಂದ ಒಂದೊಂದೇ ಉಪಕರಣವನ್ನು ಯೋಚಿಸಿ, ಕೇಳಿ, ಆರಿಸಿ ಕಟ್ಟಿಕೊಂಡ ಆಡಿಯೋ ವ್ಯವಸ್ಥೆ ನನ್ನದು. ನೆಲದ ಮೇಲೆ ನಿಲ್ಲುವ ಎರಡು ಸ್ಪೀಕರ್‌ಗಳು, ಒಂದು ಆಂಪ್ಲಿಫೈಯರ್, ಕಂಪ್ಯೂಟರಿಗೆ ಜೋಡಿಸಿದ ಡ್ಯಾಕ್ (ಡಿಜಿಟಲ್ ಸಂಕೇತವನ್ನು ಅನಲಾಗ್ ಧ್ವನಿಸಂಕೇತವಾಗಿಸುವ ಸಾಧನ), ಹಳೆಯ ರೆಕಾರ್ಡುಗಳಿಗೆಂದು ಟರ್ನ್‌ಟೇಬಲ್. ಸ್ಪೀಕರಿಗೆ ಹೋಗುವ ತಂತಿ ಮಾತ್ರ ಮೊದಲ ದಿನ ಹಾಕಿದ್ದೇ ಇಂದಿಗೂ ಇದೆ: 2.5 ಚದರ ಮಿಲಿಮೀಟರಿನ ಸಾದಾ ತಾಮ್ರದ ಎಳೆಗಳ ತಂತಿ, ಬದಿಗೆ ಸುಮಾರು 3 ಮೀಟರ್, ತುದಿ ಸುಲಿದು ನೇರವಾಗಿ ತಿರುಪಿಗೆ ಸಿಕ್ಕಿಸಿದ್ದು.

ಕಳೆದ ವಾರ ಗೆಳೆಯರೊಬ್ಬರು ತಮ್ಮ ದಪ್ಪನೆಯ, ಹೆಣೆದ ಹೊದಿಕೆಯ ಕೇಬಲ್ಲನ್ನು ತಂದು ಜೋಡಿಸಿದರು. ವ್ಯತ್ಯಾಸ ತಿಳಿಯಲು ಕಿವಿಗೊಟ್ಟು ಕೂರಬೇಕಾಗಿಯೇ ಬರಲಿಲ್ಲ. ಪಿಟೀಲಿನ ಮೇಲಿನ ಸ್ವರಗಳಲ್ಲಿ ಬಹಳ ದಿನಗಳಿಂದ ಕಾಡುತ್ತಿದ್ದ ಒರಟುತನ ಹೋಗಿತ್ತು, ಹಾಡುವವರ ದನಿ ಎರಡು ಸ್ಪೀಕರ್‌ಗಳ ನಟ್ಟನಡುವೆ ಬಂದು ನಿಂತಿತ್ತು. ಅವರು ಹೊರಟ ಮೇಲೆ ನನ್ನ ಹಳೆಯ ತಂತಿಯನ್ನೇ ಮತ್ತೆ ಸಿಕ್ಕಿಸಿದೆ. ಆಶ್ಚರ್ಯವೆಂದರೆ ಅದೂ ಮೊದಲಿಗಿಂತ ತಿಳಿಯಾಗಿಯೇ ಕೇಳಿಸಿತು. ಮೂರನೆಯ ದಿನದ ಹೊತ್ತಿಗೆ ಹಳೆಯ ಒರಟು ಮರಳಿ ಬಂದಂತೆನಿಸಿತು, ಅದೂ ಎಡಗಡೆಯಲ್ಲಿ ಹೆಚ್ಚಾಗಿ.

ಇದು ನನ್ನ ಮನಸ್ಸಿನ ಆಟವೇ, ಕೇಬಲ್ಲಿನ ಗುಣವೇ ಎಂದು ತಿಳಿಯದಾಗಿದೆ. ಚಿನ್ನದ ಲೇಪದ ಪ್ಲಗ್, ಬೆಳ್ಳಿಯ ತಂತಿ, ವಿಶೇಷ ಪವರ್ ಕಾರ್ಡ್, ಸ್ಪೀಕರಿನ ಕೆಳಗಿಡುವ ಸ್ಪೈಕ್, ಇವುಗಳಲ್ಲಿ ಯಾವುದಕ್ಕೆ ಗಮನ ಕೊಡಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಅನುಭವವಿದ್ದವರು ಕಾರಣಸಹಿತ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ತಾಮ್ರತಂತು

ಮಂದ್ರಸ್ಥಾಯಿ ಅವರೇ, ನಿಮ್ಮ ಪ್ರಶ್ನೆಯೊಳಗೇ ಉತ್ತರದ ಸುಳಿವಿದೆ. ಹಳೆಯ ತಂತಿಯನ್ನೇ ಮರಳಿ ಹಾಕಿದಾಗಲೂ ಧ್ವನಿ ತಿಳಿಯಾಯಿತು ಎಂದಿದ್ದೀರಿ. ಹಾಗಿದ್ದರೆ ಬದಲಾದದ್ದು ತಂತಿಯಲ್ಲ, ತಂತಿಯೂ ತಿರುಪೂ ಸೇರುವ ಜಾಗ. ಸುಲಿದ ತಾಮ್ರ ವರ್ಷಗಟ್ಟಲೆ ಗಾಳಿಗೆ ತೆರೆದುಕೊಂಡಿದ್ದರೆ ಅದರ ಮೇಲೆ ಆಕ್ಸೈಡಿನ ಪದರ ಕಟ್ಟುತ್ತದೆ. ಮೃದುವಾದ ಎಳೆಗಳು ತಿರುಪಿನ ಒತ್ತಡಕ್ಕೆ ಬರಬರುತ್ತ ಚಪ್ಪಟೆಯಾಗಿ ಹಿಡಿತವೂ ಸಡಿಲಗೊಳ್ಳುತ್ತದೆ. ತಾಮ್ರವೂ ಅದರ ಆಕ್ಸೈಡೂ ಕೂಡುವ ಅಂಚು ವಿದ್ಯುತ್ತನ್ನು ಒಂದು ದಿಕ್ಕಿಗೆ ಹೆಚ್ಚು, ಇನ್ನೊಂದು ದಿಕ್ಕಿಗೆ ಕಡಿಮೆ ಹರಿಯಬಿಡುತ್ತದೆ. ಈ ಗುಣವನ್ನೇ ನೆಚ್ಚಿ 1920ರ ದಶಕದಲ್ಲಿ ಎಸಿಯನ್ನು ಡಿಸಿಯಾಗಿಸುವ ರೆಕ್ಟಿಫೈಯರುಗಳನ್ನು ತಯಾರಿಸುತ್ತಿದ್ದರು. ಅಂಥದ್ದೊಂದು ಪದರ ಸಂಗೀತದ ದಾರಿಯಲ್ಲಿ ಕುಳಿತರೆ ಪಿಟೀಲು ಒರಟಾಗುವುದು ಅಚ್ಚರಿಯಲ್ಲ. ಬಿಚ್ಚಿ ಮತ್ತೆ ಸಿಕ್ಕಿಸುವಾಗ ಎಳೆಗಳು ತಿಕ್ಕಾಡಿ ಒಂದಿಷ್ಟು ಹೊಳಪು ಬಂದಿರಬೇಕು, ಎರಡು ದಿನದಲ್ಲಿ ಹಿಡಿತ ಮತ್ತೆ ಸಡಿಲವಾಗಿರಬೇಕು.

ಇನ್ನು ತಂತಿಯ ಲೆಕ್ಕ. ಹೋಗಿ ಬರುವ ದಾರಿ ಸೇರಿ ನಿಮ್ಮಲ್ಲಿ ಬದಿಗೆ 6 ಮೀಟರ್ ತಾಮ್ರವಿದೆ, 2.5 ಚದರ ಮಿಲಿಮೀಟರಿಗೆ ಅದರ ರೋಧ ಸುಮಾರು 0.04 ಓಮ್. ಸ್ಪೀಕರಿನ ಹಿಂದೆ 8 ಓಮ್ ಎಂದೋ 4 ಓಮ್ ಎಂದೋ ಒಂದೇ ಸಂಖ್ಯೆ ಬರೆದಿದ್ದರೂ ಅದರ ಇಂಪೀಡೆನ್ಸ್ (ಎಸಿ ವಿದ್ಯುತ್ತಿಗೆ ಒಡ್ಡುವ ತಡೆ) ಕಂಪನಾಂಕಕ್ಕೆ ತಕ್ಕಂತೆ ಏರಿಳಿಯುತ್ತದೆ. ಒಂದು ಕಡೆ 3 ಓಮ್, ಇನ್ನೊಂದು ಕಡೆ 20 ಓಮ್ ಎಂದಿಟ್ಟುಕೊಂಡರೂ ನಿಮ್ಮ ತಂತಿಯಿಂದಾಗಿ ಆ ಎರಡರ ನಡುವೆ ಬೀಳುವ ಮಟ್ಟದ ವ್ಯತ್ಯಾಸ 0.1 ಡೆಸಿಬಲ್ ಅಷ್ಟೆ. ಅದೇ ಜಾಗದಲ್ಲಿ 0.5 ಚದರ ಮಿಲಿಮೀಟರಿನ ಸಣಕಲು ತಂತಿಯನ್ನು 10 ಮೀಟರ್ ಎಳೆದರೆ ರೋಧ ಸುಮಾರು 0.7 ಓಮ್ ಆಗಿ, ವ್ಯತ್ಯಾಸ 1.5 ಡೆಸಿಬಲ್‌ಗೆ ಏರುತ್ತದೆ. ಇದು ಸ್ಪಷ್ಟವಾಗಿ ಕೇಳಿಸುತ್ತದೆ. ಆದ್ದರಿಂದ ಕೇಬಲ್ಲುಗಳೆಲ್ಲ ಒಂದೇ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಉದ್ದಕ್ಕೆ ತಕ್ಕ ದಪ್ಪವಿಲ್ಲದ ತಂತಿ ಧ್ವನಿಯನ್ನು ಖಂಡಿತ ಕೆಡಿಸುತ್ತದೆ, ತಕ್ಕಷ್ಟು ದಪ್ಪವಿದ್ದ ಮೇಲೆ ಇನ್ನೂ ದಪ್ಪ ಮಾಡುವುದರಿಂದ ಹೇಳಿಕೊಳ್ಳುವಂಥ ಲಾಭವಿಲ್ಲ.

ಬೆಳ್ಳಿಯ ವಾಹಕತೆ ತಾಮ್ರದ್ದಕ್ಕಿಂತ ನೂರಕ್ಕೆ ಆರರಷ್ಟು ಮಾತ್ರ ಹೆಚ್ಚು. ತಂತಿಯನ್ನು ಒಂದು ಗೇಣು ಮೊಟಕುಗೊಳಿಸಿದರೆ ಅಷ್ಟೇ ಲಾಭ ದಕ್ಕುತ್ತದೆ. ಚಿನ್ನದ ವಾಹಕತೆಯಂತೂ ತಾಮ್ರದ್ದಕ್ಕಿಂತ ಕಡಿಮೆ. ಆದರೆ ಚಿನ್ನ ಕಿಲುಬುವುದಿಲ್ಲ, ನಿಮ್ಮ ತೊಂದರೆಗೆ ಅದೊಂದು ಗುಣವೇ ಮದ್ದು.

ಒಂದು ಪರೀಕ್ಷೆ ಮಾಡಿ ನೋಡಿ. 60 ಹರ್ಟ್ಸ್‌ನ ಏಕಸ್ವರವನ್ನು ಸಾಧಾರಣ ಮಟ್ಟದಲ್ಲಿ ನುಡಿಸುತ್ತ, ಮಲ್ಟಿಮೀಟರನ್ನು ಎಸಿ ವೋಲ್ಟೇಜಿಗೆ ಇಟ್ಟು, ಮೊದಲು ಆಂಪ್ಲಿಫೈಯರಿನ ತುದಿಯಲ್ಲಿ, ಅನಂತರ ಸ್ಪೀಕರಿನ ತುದಿಯಲ್ಲಿ ಅಳೆಯಿರಿ. ಎಳೆತಂತಿಯ ಮೇಲಲ್ಲ, ತಿರುಪಿನ ಲೋಹದ ಮೇಲೆಯೇ ಮೀಟರಿನ ಮೊನೆ ಇಡಬೇಕು. ಎರಡು ಮೊನೆಗಳು ಒಂದಕ್ಕೊಂದು ತಗುಲಿದರೆ ಆಂಪ್ಲಿಫೈಯರಿಗೇ ಅಪಾಯ. ಎಡ ಬಲಗಳ ಅಂಕಿಗಳನ್ನು ಇಲ್ಲಿ ಬರೆಯಿರಿ.

ಉತ್ತರ: ಮುಳ್ಳುಮೊನೆ

ಮೇಲಿನವರು ಹೇಳಿದ್ದೆಲ್ಲ ಸ್ಪೀಕರ್ ತಂತಿಯ ಮಟ್ಟಿಗೆ ಸರಿ. ಆದರೆ ನಿಮ್ಮಲ್ಲಿ ಟರ್ನ್‌ಟೇಬಲ್ ಇರುವುದರಿಂದ ಒಂದು ಮಾತನ್ನು ಒತ್ತಿ ಹೇಳಬೇಕು: ಇಡೀ ವ್ಯವಸ್ಥೆಯಲ್ಲಿ ಕೇಬಲ್ ಎಂಬುದು ಬರಿಯ ದಾರಿಯಾಗಿರದೆ ಸರ್ಕ್ಯೂಟಿನ ಒಂದು ಭಾಗವೇ ಆಗಿಬಿಡುವ ಜಾಗ ಅದು.

ಮುಳ್ಳಿನ ಅಲುಗಾಟವನ್ನು ವಿದ್ಯುತ್ ಸಂಕೇತವಾಗಿಸುವ ಭಾಗವೇ ಕಾರ್ಟ್ರಿಜ್. ಅಯಸ್ಕಾಂತ ಅಲುಗುವ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ಜಿನ ಸುರುಳಿಗೆ ಅರ್ಧ ಹೆನ್ರಿಯಷ್ಟು ಪ್ರೇರಕತೆ (ವಿದ್ಯುತ್ತಿನ ಬದಲಾವಣೆಯನ್ನು ತಡೆಯುವ ಗುಣ) ಇರುವುದು ಸಾಮಾನ್ಯ. ಅದರ ಮುಂದೆ ಕಾರ್ಟ್ರಿಜ್ ಹೊತ್ತ ತೋಳಾದ ಟೋನ್‌ಆರ್ಮಿನ ಒಳತಂತಿ, ಹೊರಗಿನ ಕೇಬಲ್, ಆ ಕ್ಷೀಣ ಸಂಕೇತವನ್ನು ವರ್ಧಿಸುವ ಫೋನೋ ಪ್ರೀಆಂಪಿನ ಪ್ರವೇಶದ್ವಾರ, ಈ ಮೂರರ ಧಾರಕತೆಯೂ (ವಿದ್ಯುದಾವೇಶವನ್ನು ಹಿಡಿದಿಡುವ ಗುಣ) ಕೂಡಿಕೊಳ್ಳುತ್ತದೆ. ಒಟ್ಟು 200 ಪಿಕೋಫ್ಯಾರಡ್ ಆದರೆ ಅವೆರಡರ ಅನುರಣನ 16 ಕಿಲೋಹರ್ಟ್ಸ್ ಹತ್ತಿರ ಬೀಳುತ್ತದೆ. 400 ಆದರೆ ಅದು 11 ಕಿಲೋಹರ್ಟ್ಸ್‌ಗೆ ಇಳಿಯುತ್ತದೆ. ಆ ಜಾಗದಲ್ಲಿ ಧ್ವನಿ ಉಬ್ಬಿ, ಅದರಿಂದ ಮೇಲಕ್ಕೆ ಬೇಗನೆ ಕುಸಿಯುತ್ತದೆ. ಕಪಾಟಿನ ಜಾಗ ಬದಲಿಸಿದಾಗ ನಾನು ಇದ್ದ ಕೇಬಲ್ ತೆಗೆದು ಅದರ ಎರಡರಷ್ಟು ಉದ್ದದ್ದನ್ನು ಹಾಕಿದ್ದೆ. ಅಂದಿನಿಂದ ಹಾಡಿನಲ್ಲಿ ‘ಸ’, ‘ಶ’ ಬಂದಲ್ಲೆಲ್ಲ ಸಿಡಿದಂತೆ ಕೇಳತೊಡಗಿತು. ಮುಳ್ಳು ಸವೆದಿದೆಯೆಂದು ತಿಳಿದು ಹೊಸ ಮುಳ್ಳು ಹಾಕಿಸಿದೆ, ಭಾರವನ್ನು ಹೆಚ್ಚು ಕಡಿಮೆ ಮಾಡಿದೆ, ಏನೂ ಆಗಲಿಲ್ಲ. ಕೊನೆಗೆ ಪ್ರೀಆಂಪನ್ನೇ ಟರ್ನ್‌ಟೇಬಲ್ಲಿನ ಪಕ್ಕಕ್ಕೆ ಸರಿಸಿ ಗಿಡ್ಡ ಕೇಬಲ್ ಹಾಕಿದ ದಿನ ಆ ಸಿಡಿತ ನಿಂತಿತು. ಪ್ರೀಆಂಪಿನಿಂದ ಮುಂದೆ ಎಷ್ಟು ಉದ್ದದ ಕೇಬಲ್ ಎಳೆದರೂ ಆ ತೊಂದರೆ ಬರಲಿಲ್ಲ, ಏಕೆಂದರೆ ಅಲ್ಲಿ ಮೂಲದ ಇಂಪೀಡೆನ್ಸ್ ತೀರ ಕಡಿಮೆ.

ಸುರುಳಿಯೇ ಅಲುಗುವ ಮೂವಿಂಗ್ ಕಾಯಿಲ್ ಕಾರ್ಟ್ರಿಜ್ ಆದರೆ ಈ ಧಾರಕತೆಯ ಚಿಂತೆ ಇಲ್ಲ, ಸುರುಳಿ ಅಷ್ಟು ಚಿಕ್ಕದು. ಅಲ್ಲಿ ಬೇರೆಯೇ ಪಾಡು: ಬರುವ ಸಂಕೇತ ಅರ್ಧ ಮಿಲಿವೋಲ್ಟಿಗಿಂತ ಕಡಿಮೆಯಾಗಿರುವುದೇ ಹೆಚ್ಚು, ಆದ್ದರಿಂದ ಕೇಬಲ್ಲಿನ ಕವಚ ಚೆನ್ನಾಗಿರಲೇಬೇಕು. ಆರ್‌ಐಎಎ ಸರಿಪಡಿಕೆಯಲ್ಲಿ (ರೆಕಾರ್ಡ್ ಕೊರೆಯುವಾಗ ತಗ್ಗಿಸಿದ ಕೆಳಸ್ವರಗಳನ್ನು ನುಡಿಸುವಾಗ ಮರಳಿ ಏರಿಸುವ ಕ್ರಮ) 50 ಹರ್ಟ್ಸ್‌ನ ಸದ್ದು 1 ಕಿಲೋಹರ್ಟ್ಸ್‌ಗಿಂತ ಸುಮಾರು 17 ಡೆಸಿಬಲ್ ಹೆಚ್ಚು ವರ್ಧಿಸುತ್ತದೆ ಎಂಬುದನ್ನು ನೆನೆದರೆ, ಪಕ್ಕದಲ್ಲಿಟ್ಟ ಒಂದು ಸಣ್ಣ ಅಡಾಪ್ಟರ್ ಕೂಡ ಏಕೆ ಗುಂಯ್‌ಗುಡುತ್ತದೆ ಎಂದು ತಿಳಿಯುತ್ತದೆ.

ಉತ್ತರ: ಕೇಳುಗ

ನಿಮಗೆ ಕೇಳಿಸಿದ್ದನ್ನು ಮನಸ್ಸಿನ ಆಟವೆಂದು ತಳ್ಳಿಹಾಕಬೇಡಿ. ಹಾಗೆಂದು ಕೇಳಿಸಿದ್ದಕ್ಕೆಲ್ಲ ಕೇಬಲ್ಲೇ ಕಾರಣವೆಂದು ತೀರ್ಮಾನಿಸಲೂ ಬೇಡಿ. ಕೇಬಲ್ ಬದಲಿಸಲು ಎದ್ದು ಹೋಗಿ ಮರಳಿ ಕುಳಿತಾಗ ತಲೆ ಮೊದಲಿದ್ದ ಜಾಗದಲ್ಲೇ ಇರುವುದಿಲ್ಲ. 10 ಕಿಲೋಹರ್ಟ್ಸ್ ಸದ್ದಿನ ಅಲೆಯುದ್ದ 3.4 ಸೆಂಟಿಮೀಟರ್. ನೇರವಾಗಿ ಬರುವ ಅಲೆಯೂ ಗೋಡೆಗೋ ಮೇಜಿಗೋ ಬಡಿದು ಬರುವ ಅಲೆಯೂ ಕೂಡುವ ರೀತಿ ಎರಡು ಬೆರಳಿನ ಅಗಲದಲ್ಲೇ ಬದಲಾಗಿಬಿಡುತ್ತದೆ. ಇದು ಭ್ರಮೆಯಲ್ಲ, ಮೈಕ್ರೋಫೋನಿಗೂ ಸಿಗುವ ವ್ಯತ್ಯಾಸ. ಮಟ್ಟದ ವಿಷಯವೂ ಹಾಗೆಯೇ: ತುಸು ಜೋರಾದದ್ದು ನಮಗೆ ಜೋರೆನಿಸದೆ ಹೆಚ್ಚು ಸ್ಪಷ್ಟವೆನಿಸುತ್ತದೆ, ಆದ್ದರಿಂದಲೇ ಹೋಲಿಕೆಗೆ ಮೊದಲು ಎರಡರ ಮಟ್ಟವನ್ನೂ 0.1 ಡೆಸಿಬಲ್‌ನೊಳಗೆ ಸರಿದೂಗಿಸಬೇಕೆನ್ನುತ್ತಾರೆ.

ಬೆಲ್ ಪ್ರಯೋಗಾಲಯದ ಮನ್ಸನ್ ಮತ್ತು ಗಾರ್ಡ್ನರ್ 1950ರಲ್ಲಿ ವಿವರಿಸಿದ ಎಬಿಎಕ್ಸ್ (ಎ, ಬಿ ಎರಡನ್ನು ಕೇಳಿಸಿ, ಆಮೇಲೆ ಬರುವ ಎಕ್ಸ್ ಅವುಗಳಲ್ಲಿ ಯಾವುದೆಂದು ಗುರುತಿಸುವ) ಪರೀಕ್ಷೆಯ ತಿರುಳನ್ನು ಮನೆಯಲ್ಲೂ ಬಳಸಬಹುದು. ಇನ್ನೊಬ್ಬರು ನಿಮಗೆ ಕಾಣದಂತೆ, ನಾಣ್ಯ ಚಿಮ್ಮಿ ಬಂದ ಪ್ರಕಾರ ಕೇಬಲ್ ಹಾಕುತ್ತ ಹೋಗಲಿ, ನೀವು ಯಾವುದೆಂದು ಬರೆಯುತ್ತ ಹೋಗಿ. 16 ಸಲದಲ್ಲಿ 12 ಅಥವಾ ಹೆಚ್ಚು ಸರಿಯಾದರೆ, ಅದು ಬರಿಯ ಊಹೆಯಿಂದ ಆಗುವ ಸಾಧ್ಯತೆ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಬದಲಿಸುವವರು ಮಾತಾಡಬಾರದು, ಅವರ ಮುಖವೂ ನಿಮಗೆ ಕಾಣಬಾರದು. ಮೊದಲು ತಿರುಪಿನ ದೋಷ ಸರಿಮಾಡಿ, ಆಮೇಲೆ ಈ ಪರೀಕ್ಷೆ. ಇಲ್ಲದಿದ್ದರೆ ನೀವು ಹೋಲಿಸುವುದು ಕೇಬಲ್ಲುಗಳನ್ನಲ್ಲ, ಕಿಲುಬನ್ನು.

ಉತ್ತರ: ನಿಶ್ಶಬ್ದ

ಉಳಿದ ವಸ್ತುಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಗೋಡೆಯ ಒಳಗಿನ ಉದ್ದನೆಯ ವೈರಿಂಗನ್ನು ದಾಟಿ ಬಂದ ವಿದ್ಯುತ್ತು ಕೊನೆಯ ಒಂದು ಮೀಟರಿನಲ್ಲಿ ಶುದ್ಧವಾಗುವುದಿಲ್ಲ. ಅದನ್ನು ಡಿಸಿ ಮಾಡಿ ಸೋಸುವ ಕೆಲಸ ಆಂಪ್ಲಿಫೈಯರಿನೊಳಗೇ ನಡೆಯುತ್ತದೆ. ಪವರ್ ಕಾರ್ಡ್ ಬಿಗಿಯಾಗಿ ಕೂರಬೇಕು, ಬಿಸಿಯಾಗಬಾರದು, ಅಷ್ಟೇ ಸಾಕು.

ನಿಜವಾದ ಪೀಡೆ ಗ್ರೌಂಡ್ ಲೂಪ್. ಎರಡು ಉಪಕರಣಗಳು ಬೇರೆ ಬೇರೆ ದಾರಿಯಲ್ಲಿ ಅರ್ಥ್‌ಗೆ ಸೇರಿದ್ದು, ಸಿಗ್ನಲ್ ಕೇಬಲ್ಲಿನ ಕವಚವೂ ಅವುಗಳನ್ನು ಕೂಡಿಸಿದಾಗ ಒಂದು ಸುತ್ತು ಏರ್ಪಟ್ಟು ಅದರಲ್ಲಿ ಮೇನ್ಸ್‌ನ ಗುಂಯ್‌ಕಾರ ಹರಿಯುತ್ತದೆ. ಒಂದೊಂದೇ ಕೇಬಲ್ ಕಳಚುತ್ತ ಬಂದರೆ ಯಾವುದನ್ನು ತೆಗೆದಾಗ ಸದ್ದು ನಿಂತಿತೆಂಬುದು ಗೊತ್ತಾಗುತ್ತದೆ. ಅನೇಕ ಸಲ ಟಿವಿಯ ಆಂಟೆನಾ ಕೇಬಲ್ಲೇ ಕಳ್ಳ. ಕಂಪ್ಯೂಟರಿನಿಂದ ಬರುವ ಸದ್ದಾದರೆ ಡ್ಯಾಕ್‌ಗೆ ಆಪ್ಟಿಕಲ್ ಕೇಬಲ್ ಬಳಸಿ. ಬೆಳಕಿನ ದಾರಿಯಲ್ಲಿ ಅರ್ಥ್ ಸಂಪರ್ಕವೇ ಇರದ ಕಾರಣ ಸುತ್ತು ತುಂಡಾಗುತ್ತದೆ. ಯಾವ ಕಾರಣಕ್ಕೂ ಪ್ಲಗ್ಗಿನ ಅರ್ಥ್ ಪಿನ್ನನ್ನು ಕಿತ್ತುಹಾಕಬೇಡಿ. ಸದ್ದು ನಿಲ್ಲಬಹುದು, ಆದರೆ ಉಪಕರಣದ ಒಳಗೆ ದೋಷ ಬಂದ ದಿನ ಹೊರಕವಚ ಮುಟ್ಟಿದವರ ಪ್ರಾಣಕ್ಕೆ ಸಂಚಕಾರ.

ಸ್ಪೈಕ್ ಜಮಖಾನೆಯ ಮೇಲೆ ಸ್ಪೀಕರ್ ಅಲುಗಾಡದಂತೆ ಹಿಡಿಯುತ್ತದೆ, ಅದು ಒಳ್ಳೆಯದೇ. ಅದಕ್ಕಿಂತ ಮೊದಲು ಸ್ಪೀಕರಿನ ಜಾಗ ನೋಡಿ. ಹಿಂಗೋಡೆಯಿಂದ 85 ಸೆಂಟಿಮೀಟರ್ ಮುಂದಿದ್ದರೆ ಗೋಡೆಗೆ ಬಡಿದು ಮರಳುವ ಅಲೆ 100 ಹರ್ಟ್ಸ್ ಸುತ್ತಮುತ್ತ ಮೂಲ ಅಲೆಗೆ ವಿರುದ್ಧವಾಗಿ ಸೇರಿ ಅಲ್ಲೊಂದು ತಗ್ಗು ಮಾಡುತ್ತದೆ. ಯಾವ ಕೇಬಲ್ಲೂ ಆ ತಗ್ಗನ್ನು ತುಂಬದು, ಸ್ಪೀಕರನ್ನು ಒಂದು ಮೊಳ ಸರಿಸಿದರೆ ತಗ್ಗು ಬೇರೆಡೆಗೆ ಹೋಗುತ್ತದೆ.

ಮಂದ್ರಸ್ಥಾಯಿ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ತಾಮ್ರತಂತು ಅವರು ಹೇಳಿದಂತೆ ಅಳೆದೆ. ಆಂಪ್ಲಿಫೈಯರಿನ ತುದಿಯಲ್ಲಿ ಎರಡೂ ಬದಿಗೆ 2.00 ವೋಲ್ಟ್. ಸ್ಪೀಕರಿನ ತುದಿಯಲ್ಲಿ ಬಲಕ್ಕೆ 1.98, ಎಡಕ್ಕೆ 1.87. ಅಂದರೆ ಎಡಗಡೆ ಅರ್ಧ ಡೆಸಿಬಲ್‌ಗಿಂತ ಹೆಚ್ಚು ದಾರಿಯಲ್ಲೇ ಕಳೆದುಹೋಗುತ್ತಿತ್ತು.

ಎಡ ಸ್ಪೀಕರಿನ ಕೆಂಪು ತಿರುಪನ್ನು ಬಿಚ್ಚಿ ದೀಪದ ಕೆಳಗೆ ನೋಡಿದೆ. ಎಳೆಗಳು ತಾಮ್ರದ ಬಣ್ಣವನ್ನೇ ಕಳೆದುಕೊಂಡು ಕಂದುಗಪ್ಪಾಗಿದ್ದವು. ನಾಲ್ಕೈದು ಎಳೆಗಳು ತಿರುಪಿನ ಅಂಚಿಗೆ ಸಿಕ್ಕಿ ಕತ್ತರಿಸಿಹೋಗಿದ್ದವು, ಉಳಿದವು ಬೆರಳಿನಿಂದ ಮುಟ್ಟಿದರೆ ಅಲುಗುತ್ತಿದ್ದವು. ತುದಿಯನ್ನು ಎರಡು ಅಂಗುಲ ಕತ್ತರಿಸಿ ಹೊಸದಾಗಿ ಸುಲಿದು, ಚಿನ್ನದ ಲೇಪದ ಬನಾನಾ ಪ್ಲಗ್ಗಿಗೆ (ನಡುವೆ ಉಬ್ಬಿದ ಒಂಟಿ ಪಿನ್ನಿನ ಪ್ಲಗ್) ಬಿಗಿದು, ಸ್ಪೀಕರಿನ ಲೋಹವನ್ನೂ ಒರೆಸಿ ಜೋಡಿಸಿದೆ. ಈಗ ಎರಡೂ ಕಡೆ 1.98. ಒರಟು ಹೋಗಿದೆ, ದನಿ ನಡುವೆ ನಿಂತಿದೆ, ಹತ್ತು ದಿನವಾದರೂ ಹಾಗೆಯೇ ಇದೆ.

ಗೆಳೆಯರನ್ನು ಮತ್ತೆ ಕರೆದು ಕುರುಡು ಪರೀಕ್ಷೆಯನ್ನೂ ಮಾಡಿದೆವು. ನನ್ನ ಮಗಳು ಸ್ಪೀಕರಿನ ಹಿಂದೆ ಕುಳಿತು ಕೇಬಲ್ ಬದಲಿಸಿದಳು, ನಾವು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೇಳಿದೆವು. 16ರಲ್ಲಿ ನನಗೆ 9 ಸರಿ, ಅವರಿಗೆ 7. ಗೆಳೆಯರು ಸ್ವಲ್ಪ ಹೊತ್ತು ಮಾತಾಡಲಿಲ್ಲ, ಆಮೇಲೆ ತಮ್ಮ ಮನೆಯ ತಿರುಪುಗಳನ್ನೂ ಬಿಚ್ಚಿ ನೋಡಬೇಕೆಂದರು.

ಮುಳ್ಳುಮೊನೆ ಅವರೇ, ನನ್ನದು ಮೂವಿಂಗ್ ಮ್ಯಾಗ್ನೆಟ್. ರೆಕಾರ್ಡಿನಲ್ಲಿ ಮಾತ್ರ ‘ಸ’ಕಾರ ಇನ್ನೂ ಸಿಡಿಯುತ್ತದೆ. ಧಾರಕತೆ ಅಳೆಯುವ ಮೀಟರ್ ಸಿಕ್ಕಿದೆ, ಎಲ್ಲಿಂದ ಅಳೆಯಬೇಕು?

ಉತ್ತರ: ಮುಳ್ಳುಮೊನೆ

ಕಾರ್ಟ್ರಿಜ್ಜಿನ ಹಿಂಬದಿಯ ನಾಲ್ಕು ಸಣ್ಣ ತಂತಿಗಳನ್ನು ಚಿಮಟದಿಂದ ಹುಷಾರಾಗಿ ಕಳಚಿ, ಅವು ಒಂದಕ್ಕೊಂದು ತಗುಲದಂತೆ ಬಿಡಿ. ಕೇಬಲ್ಲಿನ ಪ್ಲಗ್ಗನ್ನು ಪ್ರೀಆಂಪಿನಿಂದ ತೆಗೆದು, ಪ್ಲಗ್ಗಿನ ನಡುಪಿನ್ನಿಗೂ ಹೊರಬಳೆಗೂ ಮೀಟರ್ ಹಿಡಿದರೆ ಒಳತಂತಿ ಮತ್ತು ಕೇಬಲ್ ಎರಡರ ಧಾರಕತೆಯೂ ಒಟ್ಟಿಗೆ ಸಿಗುತ್ತದೆ. ಅದಕ್ಕೆ ಪ್ರೀಆಂಪಿನ ಕೈಪಿಡಿಯಲ್ಲಿ ಕೊಟ್ಟಿರುವ ಅಂಕಿಯನ್ನು ಕೂಡಿಸಿ, ಕಾರ್ಟ್ರಿಜ್ಜಿನ ತಯಾರಕರು ಸೂಚಿಸಿದ ಮಿತಿಯೊಂದಿಗೆ ಹೋಲಿಸಿ. ಹೆಚ್ಚಾಗಿದ್ದರೆ ಕೇಬಲ್ ಗಿಡ್ಡ ಮಾಡಿ. ಪ್ರೀಆಂಪಿನ ಹಿಂದೆ ಧಾರಕತೆ ಬದಲಿಸುವ ಪುಟ್ಟ ಸ್ವಿಚ್ಚುಗಳಿದ್ದರೆ ಮೊದಲು ಅವನ್ನು ಕನಿಷ್ಠಕ್ಕೆ ಇಟ್ಟು ಕೇಳಿ. ತಂತಿಗಳನ್ನು ಮರಳಿ ಹಾಕುವಾಗ ಬಣ್ಣದ ಗುರುತು ನೋಡಿಕೊಳ್ಳಿ: ಕೆಂಪು, ಹಸಿರು ಬಲಕ್ಕೆ, ಬಿಳಿ, ನೀಲಿ ಎಡಕ್ಕೆ.