ಪದಚರ್ಚೆ: ತಿರುಗುವ ಚಕ್ರದ ಮಾದರಿಗೆ ನಾಲ್ಕು ಫಲಕ. ಟಾರ್ಕ್, ಸ್ಟಿಫ್‌ನೆಸ್, ಡ್ಯಾಂಪಿಂಗಿಗೆ ಕನ್ನಡವೇನು?

ಬದಿಯಡ್ಕದಿಂದ

ನಾಳೆ ಬೆಳಿಗ್ಗೆ ಹತ್ತಕ್ಕೆ ಸ್ಟಿಕ್ಕರಿನವರಿಗೆ ಕೊಡಬೇಕು, ಬಲ್ಲವರು ಬೇಗ ಹೇಳಿ. ಕನ್ನಡ ಮಾಧ್ಯಮದಲ್ಲಿ ಓದಿ ಈಗ ಇಂಜಿನಿಯರಿಂಗಿಗೆ ಸೇರಿದ ಮಕ್ಕಳಿಗಾಗಿ ಒಂದು ಮಾದರಿ ಇದೆ. ಮೇಲಿನಿಂದ ಇಳಿಬಿಟ್ಟ ಉಕ್ಕಿನ ಸರಳು, 3 ಮಿ.ಮೀ. ದಪ್ಪ, 32 ಸೆಂ.ಮೀ. ಉದ್ದ. ತುದಿಯಲ್ಲಿ 20 ಸೆಂ.ಮೀ. ವ್ಯಾಸದ 4 ಕಿಲೋ ಚಕ್ರ. ಅದರಡಿ ಎಣ್ಣೆಡಬ್ಬಿಯಲ್ಲಿ ಮುಳುಗಿದ ರೆಕ್ಕೆ. ಚಕ್ರಕ್ಕೆ ‘ಜಡತ್ವ ಭ್ರಾಮಕ’ (ತಿರುಗುವ ವೇಗ ಬದಲಾಗದಂತೆ ಚಕ್ರ ಒಡ್ಡುವ ತಡೆ), ಸರಳಿಗೆ ‘ಗಡಸುತನ’ (ಸ್ಟಿಫ್‌ನೆಸ್, ತಿರುಚಿದಾಗ ಸರಳು ಒಡ್ಡುವ ತಡೆ), ಎಣ್ಣೆಡಬ್ಬಿಗೆ ‘ಘರ್ಷಣೆ’ (ಡ್ಯಾಂಪಿಂಗ್, ತೊನೆತವನ್ನು ತಗ್ಗಿಸುವುದು), ಚಕ್ರ ತಿರುಗಿಸುವ ಹಗ್ಗಕ್ಕೆ ‘ತಿರುಗುಬಲ’ (ಟಾರ್ಕ್) ಎಂದು ಬರೆದುಕೊಂಡಿದ್ದೇನೆ. ಸರಿಯೇ?

ಮುಳ್ಳೇರಿಯದಿಂದ

ಎರಡು ತಪ್ಪು, ಒಂದು ಅಪಾಯಕಾರಿ.

ಗಡಸುತನ ಬೇರೆ ಗುಣ. ಗೀರು, ತಗ್ಗು ಬೀಳದಂತೆ ತಡೆಯುವುದು ಗಡಸುತನ. ಆ ಸರಳನ್ನು ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿ ಎಷ್ಟೇ ಗಡಸು ಮಾಡಿ, ತಿರುಚಲು ಬೇಕಾದ ಶ್ರಮ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ದಪ್ಪ 3ರಿಂದ 4 ಮಿ.ಮೀ. ಆದರೆ ಮಾತ್ರ ಮೂರು ಪಟ್ಟು ದಾಟುತ್ತದೆ, ಏಕೆಂದರೆ ವ್ಯಾಸದ ನಾಲ್ಕನೇ ಘಾತಕ್ಕೆ ಏರುತ್ತದೆ. ಅದು ‘ಬಿಗಿತ’. ನಿಮ್ಮ ಸರಳಿಗೆ ಸುಮಾರು 2 ನ್ಯೂಟನ್-ಮೀಟರ್ ಪ್ರತಿ ರೇಡಿಯನ್‌ಗೆ (ರೇಡಿಯನ್ ಕೋನದ ಅಳತೆ).

ಇನ್ನು ಘರ್ಷಣೆ. ಒಣ ಘರ್ಷಣೆ ವೇಗ ಎಷ್ಟಿದ್ದರೂ ಸರಿಸುಮಾರು ಒಂದೇ. ಎಣ್ಣೆಯ ತಡೆ ವೇಗಕ್ಕೆ ತಕ್ಕಂತೆ ಏರುತ್ತದೆ. ‘ಘರ್ಷಣೆ’ ಎಂದು ಓದಿದ ಹುಡುಗ ಸಮೀಕರಣದಲ್ಲಿ ಸ್ಥಿರಸಂಖ್ಯೆ ಹಾಕುತ್ತಾನೆ. ಆಗ ತೊನೆತ ಪ್ರತಿ ಸುತ್ತಿಗೂ ಒಂದೇ ಅಳತೆಯಷ್ಟು ಕಳೆಯುತ್ತ, ಕೊನೆಗೆ ನಡುಗೆರೆಯಿಂದ ಪಕ್ಕಕ್ಕೂ ನಿಂತುಬಿಡಬಹುದು. ನಿಮ್ಮ ಚಕ್ರ ಹಾಗೆ ನಿಲ್ಲುವುದಿಲ್ಲ. ಜಡತ್ವ ಭ್ರಾಮಕ ಅರ್ಧ × 4 × 0.1ರ ವರ್ಗ, ಅಂದರೆ 0.02 ಕಿ.ಗ್ರಾಂ.ಮೀ². ಎಣ್ಣೆಯ ತಡೆಯ ಗುಣಾಂಕ 0.04 ಎಂದುಕೊಂಡರೆ ಡ್ಯಾಂಪಿಂಗ್ ಅನುಪಾತ 0.1 ಬರುತ್ತದೆ. ಆಗ ಪ್ರತಿ ತೊನೆತ ಹಿಂದಿನದರ 53%. ಇದಕ್ಕೆ ‘ಅವಮಂದನ’ ಎಂದೇ ಬರೆಯಿರಿ.

ತಾಳವಾಡಿಯಿಂದ

ಅವಮಂದನ, ಭ್ರಾಮಕ! ‘ಭ್ರಾಮಕ’ ಎಂದರೆ ಮರುಳುಮಾಡುವಂಥದ್ದು ಎಂದೇ ಮಂದಿ ತಿಳಿಯುವುದು. ಇಲ್ಲಿನ ತಮಿಳು ಶಾಲೆಯ ಹೊತ್ತಗೆಯಲ್ಲಿ ಟಾರ್ಕ್ ‘ತಿರುಪ್ಪು ವಿಸೈ’, ಜಡತ್ವ ಭ್ರಾಮಕ ‘ನಿಲೈಮತ್ ತಿರುಪ್ಪುತ್ತಿಱನ್’. ಆ ಬೇರು ನಮ್ಮಲ್ಲೂ ಇದೆ: ತಿರಿ, ತಿರುಗು, ತಿರುಪು, ತಿರುಚು. ‘ತಿರುಪು’ ಎಂದರೆ ತಿರುಗುವಂತೆ ಮಾಡುವುದು. ಟಾರ್ಕ್ ಮಾಡುವುದೂ ಅದನ್ನೇ. ಡ್ಯಾಂಪಿಂಗಿಗೆ ‘ತೊನೆತಗ್ಗಿಕೆ’ ಎನ್ನಿ. ಕೇಳಿದೊಡನೆ ತಿಳಿಯುತ್ತದೆ.

ಕುಂಬಳೆಯಿಂದ

ತಿರುಪು ಎಂದರೆ ಸ್ಕ್ರೂ. ಅದೇ ‘ತಿರಿ’ಯಿಂದ ತಿರಿಪೆಯೂ ಹುಟ್ಟಿದೆ, ಅಲೆದು ಬೇಡುವುದು. ಬೇರು ಹಳೆಯದಾದ ಮಾತ್ರಕ್ಕೆ ಪದ ಚೊಕ್ಕ ಅರ್ಥ ಕೊಡುವುದಿಲ್ಲ. ಮಕ್ಕಳು ಪರೀಕ್ಷೆ ಬರೆಯುವುದು ಇಂಗ್ಲಿಷಿನಲ್ಲಿ. ಗ್ಯಾರೇಜಿನಲ್ಲೂ ಟಾರ್ಕ್ ರೆಂಚ್ ಎಂದೇ ಕೇಳುತ್ತಾರೆ. ಟಾರ್ಕ್ ಕನ್ನಡವಾಗಿ ಆಗಿದೆ, ಬಿಟ್ಟುಬಿಡಿ.

ತಾಳವಾಡಿಯಿಂದ

ಹಾಗಾದರೆ ಫಲಕವೇ ಬೇಡ, ಇಂಗ್ಲಿಷ್ ಪಟ್ಟಿಯನ್ನೇ ಅಂಟಿಸಿ. ಪಕ್ಕದ ಮಲೆಯಾಳದ ಮಕ್ಕಳು ‘ಜಡತ್ವಾಘೂರ್ಣಂ’ ಎಂದು ಸಂಸ್ಕೃತದಲ್ಲಿ ಉರುಹೊಡೆಯುತ್ತಾರೆ. ಕಾಸರಗೋಡಿನ ಕನ್ನಡ ಮಕ್ಕಳಿಗೂ ಅದೇ ಹೊರೆ ಏಕೆ? ಗಡಿಯಲ್ಲಿ ಕನ್ನಡ ಉಳಿಯಬೇಕಾದರೆ ಮನೆಮಾತಿನ ಬೇರಿನಿಂದ ಪದ ಕಟ್ಟಬೇಕು. ‘ತಿರುಗುಬಲ’ದ ಬಲ ಕೂಡ ಸಂಸ್ಕೃತದ್ದೇ ಎಂದು ಖಚಿತವಾಗಿ ಹೇಳಲಾಗದು, ‘ಬಲ್ಲಿದ’, ತಮಿಳಿನ ‘ವಲಿ’ ನೋಡಿ.

ಮುಳ್ಳೇರಿಯದಿಂದ

ಬಲದ ಬೇರು ಯಾವುದೇ ಆಗಲಿ, ‘ತಿರುಗುಬಲ’ ಭೌತಶಾಸ್ತ್ರದಲ್ಲೇ ಕೆಡುತ್ತದೆ. ಟಾರ್ಕ್ ಬಲವಲ್ಲ. ಬಲದ ಏಕಮಾನ ನ್ಯೂಟನ್, ಟಾರ್ಕಿನದು ನ್ಯೂಟನ್-ಮೀಟರ್. ಬಲ ಎಂದು ಕಲಿತವರು ಹಗ್ಗದ 2 ನ್ಯೂಟನ್ ಎಳೆತವನ್ನು ನೇರವಾಗಿ ಸಮೀಕರಣಕ್ಕೆ ಹಾಕುತ್ತಾರೆ, ತ್ರಿಜ್ಯ 0.1 ಮೀಟರಿನಿಂದ ಗುಣಿಸುವುದಿಲ್ಲ. ಉತ್ತರ ಹತ್ತು ಪಟ್ಟು ತಪ್ಪುತ್ತದೆ. 0.2 ನ್ಯೂಟನ್-ಮೀಟರಿಗೆ ಚಕ್ರ ನಿಲ್ಲಬೇಕಾದ್ದು 0.1 ರೇಡಿಯನ್‌ನಲ್ಲಿ, ಸುಮಾರು 5.7 ಡಿಗ್ರಿ. ಮೊದಲು ಸುಮಾರು 10 ಡಿಗ್ರಿವರೆಗೆ ಹೋಗಿ, ನಾಲ್ಕು ಸೆಕೆಂಡಿನಲ್ಲಿ ನೆಲೆಗೊಳ್ಳುತ್ತದೆ. ತಮಿಳಿನ ‘ವಿಸೈ’ಯಲ್ಲೂ ಇದೇ ತೊಡಕಿದೆ. ಬರೀ ‘ತಿರುಪು’ ಎಂದರೆ ನನ್ನ ಆಕ್ಷೇಪವಿಲ್ಲ, ಅದು ಬಲ ಎಂದು ಸುಳ್ಳು ಹೇಳುವುದಿಲ್ಲ.

ಅಕ್ಕಲಕೋಟೆಯಿಂದ

ಫಲಕದ ಜೊತೀಗೆ ಕಂಪ್ಯೂಟರಿನ ಹಾಳಿನೂ ಬರ್ತದಲ್ಲ, ಅದಕ ಹೇಳಾಕತ್ತೀನಿ. ಸಿಮ್ಯುಲೇಶನ್‌ಗೆ (ಚಕ್ರದ ಚಲನೆ ಕಂಪ್ಯೂಟರಿನ್ಯಾಗ ಲೆಕ್ಕ ಹಾಕಿ ತೋರಸೂದು) ‘ಅನುಕರಣೆ’ ಅಂತ ಬರೀಬ್ಯಾಡ್ರಿ. ಅನುಕರಣೆ ಅಂದ್ರ ನಕಲು, ನಕಲಿನ್ಯಾಗ ತಪ್ಪು ಇರೂದಿಲ್ಲ ಅಂತ ಹುಡುಗರು ನಂಬ್ತಾರ. ಇದೇ ಚಕ್ರಕ್ಕ ಸಾದಾ ಆಯ್ಲರ್ ವಿಧಾನದಾಗ (ಹೊತ್ತನ್ನ ಸಣ್ಣ ಹೆಜ್ಜಿ ಮಾಡಿ ಲೆಕ್ಕ ಹಾಕೂದು) 0.05 ಸೆಕೆಂಡಿನ ಹೆಜ್ಜಿ ಇಟ್ಟು ನೋಡ್ರಿ: ತಗ್ಗಬೇಕಾದ ತೊನೆತ ನಾಲ್ಕು ಸೆಕೆಂಡಿನ್ಯಾಗ ಇನ್ನೂರು ಪಟ್ಟು ಮ್ಯಾಲ ಹಿಗ್ಗತದ. ಚಕ್ರದ ತಪ್ಪಲ್ಲ, ಲೆಕ್ಕದ್ದು. ಹೆಜ್ಜಿ 0.02ಕ್ಕಿಂತ ಕಡಿಮಿ ಇರಬೇಕು, 0.001 ಇಟ್ರ ಚಲೋ. ಇನ್ನೊಂದು: ಕೋನ ಡಿಗ್ರಿಯೊಳಗ ಕೊಟ್ಟು ಬಿಗಿತ ರೇಡಿಯನ್‌ದು ಹಾಕಿದ್ರ 57.3 ಪಟ್ಟು ವ್ಯತ್ಯಾಸ ಬೀಳತದ. ಸಿಮ್ಯುಲೇಶನ್ ಹಂಗ ಇರಲಿ.

ಕುಂಬಳೆಯಿಂದ

ನೋಡಿ, ಸಿಮ್ಯುಲೇಶನ್ ಹಾಗೇ ಇರಬಹುದು, ಟಾರ್ಕ್ ಇರಬಾರದಂತೆ. ಈ ಮಡಿ ಯಾರದ್ದು?

ಬದಿಯಡ್ಕದಿಂದ

ಎಲ್ಲರಿಗೂ ನಮಸ್ಕಾರ. ಹೀಗೆ ಕೊಡುತ್ತಿದ್ದೇನೆ: ಚಕ್ರಕ್ಕೆ ‘ಜಡತ್ವ ಭ್ರಾಮಕ’, ಸರಳಿಗೆ ‘ತಿರುಚು ಬಿಗಿತ’, ಎಣ್ಣೆಡಬ್ಬಿಗೆ ‘ಅವಮಂದನ’, ಹಗ್ಗಕ್ಕೆ ದೊಡ್ಡಕ್ಷರದಲ್ಲಿ ‘ಟಾರ್ಕ್’, ಕೆಳಗೆ ‘ತಿರುಪು’. ತಾಳವಾಡಿಯವರ ತೊನೆತಗ್ಗಿಕೆ ಉದ್ದವಾಯಿತು, ಫಲಕದ ಅಗಲ 6 ಸೆಂ.ಮೀ. ಮಾತ್ರ.

ತಾಳವಾಡಿಯಿಂದ

‘ತಗ್ಗಿಕೆ’ ಹಿಡಿಯುತ್ತದೆ. ಅವಮಂದನ ನನಗೆ ಒಪ್ಪಿಗೆಯಿಲ್ಲ.

ಮುಳ್ಳೇರಿಯದಿಂದ

ಕೊಡುವ ಮೊದಲು ಏಕಮಾನ ಇನ್ನೊಮ್ಮೆ ನೋಡಿ. ಅವಮಂದನದ ಕೆಳಗೆ ‘ನ್ಯೂ.ಮೀ.ಸೆ./ರೇಡಿಯನ್’ ಬರಬೇಕು. ‘ಸೆ.’ ಬಿಟ್ಟುಹೋದರೆ ಎಣ್ಣೆಡಬ್ಬಿಯ ಮೇಲೆ ಸರಳಿನ ಏಕಮಾನ ಕೂತುಬಿಡುತ್ತದೆ.