ದಿನಾ ರಾತ್ರಿ ಆಂಟಿಬಯೋಟಿಕ್ ಕೊಡಬಹುದಾ?

ಹಾಸನದವಳು, ರೆಡಿಂಗ್: ಮಗಳಿಗೆ ಐದು ವರ್ಷ. ಈ ವರ್ಷ ಇದು ಮೂರನೇ ಸಲ ಉರಿಮೂತ್ರ, ಜ್ವರ. ಸ್ಕ್ಯಾನ್‌ನಲ್ಲಿ ಕಿಡ್ನಿ ಚೆನ್ನಾಗಿದೆ ಎಂದರು. ಈಗ ಟ್ರೈಮೆಥೊಪ್ರಿಮ್ ಸಿರಪ್ ಕೊಟ್ಟಿದ್ದಾರೆ. ದಿನಾ ಮಲಗುವಾಗ ಸಣ್ಣ ಡೋಸ್, ಆರು ತಿಂಗಳು! ಬಾಟಲಿ ಇನ್ನೂ ತೆರೆದಿಲ್ಲ. ಯಾರಾದರೂ ಕೊಟ್ಟಿದ್ದೀರಾ?

ಶಿವಮೊಗ್ಗ ಅಕ್ಕ, ಲೀಡ್ಸ್: ಬಾರ್ಲಿ ನೀರು ಕೊಡಮ್ಮ. ನನ್ನ ಇಬ್ಬರು ಮಕ್ಕಳೂ ಅದರಲ್ಲೇ ಬೆಳೆದರು.

ಮಂಡ್ಯ ಗೌಡ್ರು, ಸ್ಲೌ: 22 ವರ್ಷದಿಂದ ಇಲ್ಲಿ, ಬ್ರಿಟನ್‌ನಲ್ಲಿದ್ದೇನೆ. ಜ್ವರ ಅಂದರೆ ಪ್ಯಾರಾಸಿಟಮಾಲ್ ಬಿಟ್ಟು ಏನೂ ಕೊಡದವರು ಆರು ತಿಂಗಳು ಆಂಟಿಬಯೋಟಿಕ್ ಅಂತಾರಾ? ಮಗುವಿನ ಹೊಟ್ಟೆ ಹಾಳಾಗುತ್ತದೆ. ಊರಿಗೆ ಕರೆದುಕೊಂಡು ಹೋಗಿ ತೋರಿಸಿ.

ಧಾರವಾಡದಾಕಿ, ಶೆಫೀಲ್ಡ್: ನಾನು ಫಾರ್ಮಸಿಸ್ಟ್. ಆಸ್ಟ್ರೇಲಿಯಾದಲ್ಲಿ 576 ಮಕ್ಕಳಿಗೆ ಟ್ರೈಮೆಥೊಪ್ರಿಮ್ ಇರುವ ಔಷಧ ಅಥವಾ ಔಷಧವೇ ಇಲ್ಲದ ಬರೀ ಸಿರಪ್ ಕೊಟ್ಟು ಒಂದು ವರ್ಷ ನೋಡಿದರು. 2009ರಲ್ಲಿ ಫಲಿತಾಂಶ ಬಂತು. ಔಷಧ ಇಲ್ಲದವರಲ್ಲಿ 100ಕ್ಕೆ 19 ಮಕ್ಕಳಿಗೆ ಮೂತ್ರದ ಸೋಂಕು, ಕೊಟ್ಟವರಲ್ಲಿ 13. ಲಾಭ ಇದೆ, ಆದರೆ ಸಣ್ಣದು. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯುವುದೂ ನಿಜ. ಅದಕ್ಕೇ ಎಲ್ಲರಿಗೂ ಕೊಡುವುದಿಲ್ಲ, ಆರು ತಿಂಗಳಿಗೆ ಮತ್ತೆ ನೋಡುತ್ತಾರೆ. ಒಂದು ಕೇಳಲಾ? ಮಗುವಿಗೆ ಮಲಬದ್ಧತೆ ಇದೆಯಾ? ಶಾಲೆಯಲ್ಲಿ ಉಚ್ಚೆ ಕಟ್ಟಿಕೊಂಡು ಕೂರುತ್ತಾಳಾ? ಇವೆರಡನ್ನು ಸರಿಮಾಡದೆ ಬರೀ ಸಿರಪ್ ಸಾಲದು.

ಹಾಸನದವಳು: ಅಯ್ಯೋ, ಎರಡೂ ಹೌದು. ಶಾಲೆಯಲ್ಲಿ ಹೋಗುವುದೇ ಇಲ್ಲ. ಅಲ್ಲಿ ನೀರಿಲ್ಲ, ಬರೀ ಪೇಪರ್, ನಂಗೆ ಅಸಹ್ಯ ಅಂತಾಳೆ.

ಶಿವಮೊಗ್ಗ ಅಕ್ಕ: ನೋಡಿದ್ರಾ! ಚೊಂಬು ಬಿಟ್ಟು ಬಂದ ದೇಶ ಇದು. ನನ್ನ ಸೊಸೆ ಬ್ಯಾಗಿನಲ್ಲೇ ಪುಟ್ಟ ಬಾಟಲಿ ಇಟ್ಟುಕೊಳ್ಳುತ್ತಾಳೆ.

ಧಾರವಾಡದಾಕಿ: ಟೀಚರಿಗೆ ಒಂದು ಚೀಟಿ ಬರೆಯಿರಿ. ಎರಡು-ಮೂರು ಗಂಟೆಗೊಮ್ಮೆ ಅವರೇ ಕಳಿಸಲಿ. ನೀರು ಚೆನ್ನಾಗಿ ಕುಡಿಸಿ. ಜ್ವರ ಬಂದರೆ ಬಾರ್ಲಿ ನಂಬಿ ಕೂರಬೇಡಿ, ಅವತ್ತೇ ಮೂತ್ರ ಪರೀಕ್ಷೆ ಮಾಡಿಸಿ.

ಉಡುಪಿಯವ, ಕಾರ್ಡಿಫ್: ಇದನ್ನು ಹೇಳಲು ಕಷ್ಟ. ನಮ್ಮ ಮಗನಿಗೆ ಎರಡನೇ ವರ್ಷದಲ್ಲಿ ಜ್ವರ ಬಂದಾಗ ವೈರಲ್ ಇರಬಹುದು ಅಂತ ನಾಲ್ಕು ದಿನ ಕಾದೆವು. ಮೂತ್ರ ಪರೀಕ್ಷೆ ನೆನಪೇ ಆಗಲಿಲ್ಲ. ಈಗ ಒಂದು ಕಿಡ್ನಿಯಲ್ಲಿ ಕಲೆ ಇದೆ. ಹುಡುಗ ಫುಟ್‌ಬಾಲ್ ಆಡುತ್ತಾನೆ, ಚೆನ್ನಾಗಿದ್ದಾನೆ. ಆದರೂ ಪ್ರತಿ ವರ್ಷ ಬಿಪಿ ನೋಡುವಾಗ ನನ್ನ ಎದೆ ಹೊಡೆದುಕೊಳ್ಳುತ್ತದೆ.

ಮಂಡ್ಯ ಗೌಡ್ರು: ಅದಕ್ಕೇ ಹೇಳಿದ್ದು. ಬೆಂಗಳೂರಲ್ಲಾಗಿದ್ದರೆ ಅವತ್ತೇ ಸ್ಪೆಷಲಿಸ್ಟ್ ನೋಡುತ್ತಿದ್ದರು. ಮಕ್ಕಳನ್ನು ಇಲ್ಲಿ ಬೆಳೆಸಿದ್ದೇ ನಾವು ಮಾಡಿದ ತಪ್ಪು.

ತುಮಕೂರು ಹುಡುಗ, ಲಂಡನ್: ಅಂಕಲ್, ನೀವು 22 ವರ್ಷದಿಂದ ಇಲ್ಲೇ ಇದ್ದೀರಲ್ಲ!

ಮಂಡ್ಯ ಗೌಡ್ರು: ಸಾಲ ಇತ್ತಪ್ಪ, ಮನೆ ಕಟ್ಟಬೇಕಿತ್ತು. ನಿನಗೇನು ಗೊತ್ತು?

ಹಾಸನದವಳು: ಸಿರಪ್ ಊಟಕ್ಕೆ ಮುಂಚೆ ಕೊಡುವುದಾ, ಆಮೇಲಾ?

ಮಂಡ್ಯ ಗೌಡ್ರು: ಹಾಸನದಲ್ಲಿ ನಿಮ್ಮದು ಯಾವ ಊರಮ್ಮ?