45 ವಾರ್ಡು, ಒಂದು ಸರಾಸರಿ, ನಾಲ್ಕು ಪ್ಲೇಟ್ ಮಿರ್ಚಿ

ದಾವಣಗೆರೆ ಜನ ಆರೋಗ್ಯವಾಗಿದಾರೆ ಅಂತ ಮಂಜ ತೀರ್ಪು ಕೊಟ್ಬಿಟ್ಟ, ಅದೂ ಬಾಯ್ತುಂಬ ನರ್ಗಿಸ್ ಮಂಡಕ್ಕಿ ತುಂಬ್ಕೊಂಡು. ಎಲ್ಲೋ ಪಿಡಿಎಫ್ ಸಿಕ್ಕಿತ್ತಂತೆ, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, 2019-21ರದ್ದು. "ನಮ್ ಜಿಲ್ಲೇದು ನೋಡ್ರಲೇ, ಅಂಥಾ ಕೆಟ್ಟದೇನಿಲ್ಲ" ಅಂತ ಎಲ್ರ ಮುಖಕ್ಕೂ ಮೊಬೈಲ್ ಹಿಡಿದ.

ಮೇಷ್ಟ್ರಿಗೆ ತಡೀಲಿಲ್ಲ. ರಿಟೈರ್ ಆದ ಲೆಕ್ಕದ ಮೇಷ್ಟ್ರು ಅವ್ರು, ಟೀಗೆ ಸಕ್ರೆ ಬೇಡ ಅಂತಾರೆ, ದೋಸೆಗೆ ಬೆಣ್ಣೆ ಮಾತ್ರ ಎರಡು ಸಲ ಕೇಳಿ ಹಾಕಿಸ್ಕಂತಾರೆ. "ಅದು ಜಿಲ್ಲೆವರೆಗೆ ಬಂದು ನಿಂತ್ಕಂತೈತಿ ಕಣೋ, ಓಣಿಗೆ ಇಳಿಯಲ್ಲ. ಪಿ.ಜೆ. ಬಡಾವಣೇಲಿ ಬೆಳಗಾದ್ರೆ ವಾಕಿಂಗ್ ಹೋಗೋ ಸಾಹುಕಾರ, ಮಂಡಕ್ಕಿ ಭಟ್ಟಿ ಹೊಗೇಲಿ ಕೆಮ್ಮೋ ಹುಡ್ಗ, ಜಗಳೂರು ಕಡೆ ಫ್ಲೋರೈಡ್ ನೀರು ಕುಡ್ದು ಸಣ್ಣೋನಿದ್ದಾಗ್ಲೇ ಹಲ್ಲು ಕಂದಾದ ಅಜ್ಜ, ಮೂರೂ ಜನಾನ ಕಲಸಿ ಒಂದು ನಂಬರ್ ಮಾಡಿದ್ರೆ ಆ ನಂಬರ್ ಯಾರ್ದು? ಈಗ ಬಸು ಆರು ಮಿರ್ಚಿ ತಿಂದ, ನಾನು ಒಂದೂ ಮುಟ್ಟಿಲ್ಲ, ಸರಾಸರಿ ಮೂರು. ಹಂಗಂತ ಎದೆ ಉರಿ ಮಾತ್ರೆ ಇಬ್ರಿಗೂ ಅರ್ಧರ್ಧ ಕೊಡೋದಾ?"

"ಮೇಷ್ಟ್ರೇ, ನಾನು ತಿಂದಿದ್ದು ಐದು" ಅಂದ ಬಸು.

"ನೋಡು, ಡೇಟಾ ಶುರುವಲ್ಲೇ ತಕರಾರು."

ಇಷ್ಟಕ್ಕೆ ಬಿಡೋರಲ್ಲ ಮೇಷ್ಟ್ರು, ನೆಟ್ಟಗೆ ಲಂಡನ್ನಿಗೆ ಹೋದ್ರು. 1854ರಾಗೆ ಅಲ್ಲಿ ಸೋಹೊ ಅನ್ನೋ ಏರಿಯಾಕ್ಕೆ ಕಾಲರಾ ಬಂತಂತೆ, ಆಗಿನ ಡಾಕ್ಟ್ರುಗಳು ಬಹಳ ಜನ ಕೆಟ್ಟ ಗಾಳಿಯಿಂದ ಬರ್ತೈತಿ ಅಂತಿದ್ರಂತೆ. ಜಾನ್ ಸ್ನೋ ಅನ್ನೋ ಡಾಕ್ಟ್ರು ಮಾತ್ರ ಯಾವ ಮನೇಲಿ ಎಷ್ಟು ಜನ ಸತ್ರು ಅಂತ ಬೀದಿ ನಕ್ಷೆ ಮೇಲೆ ಗೆರೆ ಹಾಕ್ಕೊಂಡು ಹೋದ, ಗೆರೆಗಳೆಲ್ಲ ಬ್ರಾಡ್ ಸ್ಟ್ರೀಟ್ ಪಂಪಿನ ಸುತ್ತ ಒತ್ತೊತ್ತಾಗಿ ಬಿದ್ವು. ಆದ್ರೆ ಆ ಪಂಪಿನ ಹತ್ರಾನೇ ಗತಿ ಇಲ್ಲದ ಬಡವರನ್ನ ಇಟ್ಕೊಂಡು ದುಡಿಸೋ ಒಂದು ವರ್ಕ್‌ಹೌಸ್ ಇತ್ತು, 535 ಜನ ಇದ್ದು ಸತ್ತೋರು ಐದೇ ಜನ, ಯಾಕಂದ್ರೆ ಅಲ್ಲಿ ಸ್ವಂತ ಬಾವಿ. ಪಕ್ಕದ ಬಿಯರ್ ಫ್ಯಾಕ್ಟರೀಲಿ ಒಬ್ಬನೂ ಸಾಯ್ಲಿಲ್ಲ, ಕೆಲಸದೋರಿಗೆ ಕುಡಿಯೋಕೆ ಬಿಯರ್ರೇ ಕೊಡ್ತಿದ್ರಂತೆ.

ಬಸು ಕೈಲಿದ್ದ ಮಿರ್ಚಿ ಕೆಳಗಿಟ್ಟ. "ಇದನ್ನ ನಮ್ಮನೇಲಿ ನೀವೇ ಬಂದು ಹೇಳ್ಬೇಕು ಮೇಷ್ಟ್ರೇ."

"ಅವ್ರಿಗೂ ಸ್ವಂತ ಬಾವಿ ಇತ್ತಲೇ!"

"ಬಾವಿ ವಿಷ್ಯ ಆಮೇಲೆ ಹೇಳಿದ್ರಾಯ್ತು."

ಸೆಪ್ಟೆಂಬರ್ 8ಕ್ಕೆ ಪಂಪಿನ ಹಿಡಿಕೆ ಬಿಚ್ಚಿಸಿದ್ರು. ಅಷ್ಟೊತ್ತಿಗೆ ಬಹಳ ಜನ ಊರು ಬಿಟ್ಟಿದ್ರು, ಕಾಯಿಲೆ ಇಳಿಮುಖ ಆಗಿತ್ತು, ಅದನ್ನ ಸ್ನೋನೇ ಬರ್ದಿಟ್ಟಾನೆ. ನಂಗೆ ಇದು ಬಹಳ ಹಿಡಿಸ್ತು, ನಮ್ಮೋರಾಗಿದ್ರೆ ಹಿಡಿಕೆಗೊಂದು ಹಾರ ಹಾಕಿ ಫ್ಲೆಕ್ಸ್ ಕಟ್ಟಿರೋರು.

"ಲಂಡನ್ ಯಾಕೆ ಬೇಕು, 2023ರ ಆಗಸ್ಟ್‌ನಾಗೆ ದುರ್ಗದ ಕವಾಡಿಗರಹಟ್ಟೀಲಿ ಕೆಟ್ಟ ನೀರು ಕುಡ್ದು ಜನ ಸತ್ರಲ್ಲ" ಅಂದೆ ನಾನು. "ಅದೊಂದೇ ಹಟ್ಟಿ. ಜಿಲ್ಲೆ ಲೆಕ್ಕದಾಗೆ ಹುಡುಕಿದ್ರೆ ಕಾಣ್ತಿತ್ತಾ?" ಮಂಜ ಮೊಬೈಲ್ ಜೇಬಿಗೆ ಹಾಕ್ದ.

ಅಷ್ಟ್ರಲ್ಲಿ ದೋಸೆ ಪಾರ್ಸೆಲ್‌ಗೆ ಅಂತ ರೇಖಕ್ಕ ಬಂದ್ಲು, ಆಶಾ ಕಾರ್ಯಕರ್ತೆ, ನಮ್ ಏರಿಯಾದ ಬಾಗಿಲುಗಳೆಲ್ಲ ಅವ್ಳಿಗೆ ಪರಿಚಯ. ಮನೆಮನೇಲಿ ಸೊಳ್ಳೆ ಮರಿ ಹುಡ್ಕೋ ಲಾರ್ವಾ ಸರ್ವೇ ಮುಗಿಸ್ಕೊಂಡು ಬಂದಿದ್ಲು, ಕೈಲಿ ಟಾರ್ಚು, ಬೆರಳಲ್ಲಿ ಚಾಕ್‌ಪೀಸ್ ಪುಡಿ. ಮಂಜ ಸುಮ್ನಿರದೆ ಕೇಳ್ದ, "ಅಕ್ಕಾ, ಡೆಂಗ್ಯೂ ಜಾಸ್ತಿ ಇರೋದು ದೊಡ್ಡೋರ ಬಡಾವಣೇಲಂತೆ, ಹೌದಾ?"

"ಟೆಸ್ಟ್ ಮಾಡ್ಸೋಕೆ ದುಡ್ಡಿರೋ ಕಡೆ ಡೆಂಗ್ಯೂ ಇರ್ತೈತಿ ಕಣಪ್ಪ. ನಮ್ ಕಡೆ ಓಣೀಲಿ ಅದ್ಕೆ ಜ್ವರ ಅಂತಾರೆ, ಎರಡು ಪ್ಯಾರಾಸಿಟಮಾಲ್ ನುಂಗಿ ಕೆಲ್ಸಕ್ಕೆ ಹೋಗ್ತಾರೆ, ಅದು ಯಾವ ಕಂಪ್ಯೂಟ್ರಿಗೂ ಹೋಗಲ್ಲ."

ಆಮೇಲೆ ನಿಂತ್ಕಂಡೇ ಹೇಳ್ತಾ ಹೋದ್ಲು. ತೊಟ್ಟಿಗೆ ಟಾರ್ಚ್ ಬಿಟ್ರೆ ಹುಳ ಬಳುಕ್ತಾ ಬುಡಕ್ಕೆ ಇಳೀತಾವಂತೆ, ಅವು ಕೊಳಚೆ ನೀರಿಗಿಂತ ತುಂಬಿಟ್ಟ ತಿಳಿ ನೀರಲ್ಲೇ ಜಾಸ್ತಿ, ಮೊಟ್ಟೆ ಸೊಳ್ಳೆ ಆಗೋಕೆ ಸುಮಾರು ಒಂದು ವಾರ ಹತ್ತು ದಿನ ಸಾಕು. ನಲ್ಲಿ ದಿನಾ ಬರೋ ಓಣೀಲಿ ಡ್ರಮ್ಮು ಕಮ್ಮಿ, ಯಾವಾಗ್ಲೋ ಬರೋ ಓಣೀಲಿ ಡ್ರಮ್ಮು, ತೊಟ್ಟಿ, ಕೊಡ, ಹಳೇ ಪೇಂಟ್ ಬಕೆಟ್ಟು, ಸಿಕ್ಕಿದ್ದಕ್ಕೆಲ್ಲ ನೀರು. "2024ರಲ್ಲಿ ಸೊಳ್ಳೆ ಬೆಳೆಯೋಕೆ ಬಿಟ್ರೆ ದಂಡ ಅಂತ ಮಾಡಿದ್ರಲ್ಲ, ಸಿಟೀಲಿ ಮನೆಗೆ 400 ರೂಪಾಯಿ, ನಾನು ಹೋಗಿ ಹೇಳಿದ್ರೆ ಒಬ್ಬ ಅಜ್ಜಿ ಏನಂತು ಗೊತ್ತಾ? ನೀರು ಬಿಡದೋರಿಗೆ ಎಷ್ಟು ದಂಡ ಮಗಳೇ ಅಂತು."

ಮೇಷ್ಟ್ರು ಕುರ್ಚಿ ಮುಂದಕ್ಕೆ ಎಳ್ಕಂಡ್ರು. ವಾಲ್‌ಮನ್ ಹತ್ರ ಯಾವ ಓಣಿಗೆ ಎಷ್ಟು ದಿನಕ್ಕೊಮ್ಮೆ ನೀರು ಅನ್ನೋದು ಐತಿ, ರೇಖಕ್ಕನ ಪುಸ್ತಕದಾಗೆ ನೂರು ಮನೇಲಿ ಎಷ್ಟು ಮನೆಗೆ ಹುಳ ಅನ್ನೋದು ಐತಿ, ಎರಡನ್ನೂ ಒಂದೇ ನಕ್ಷೆ ಮೇಲೆ ಇಟ್ರೆ ಹೊಗೆ ಹೊಡ್ಯೋ ಗಾಡಿ ಎಲ್ಲಿಗೆ ಹೋಗ್ಬೇಕು, ಪೈಪ್ ಎಲ್ಲಿಗೆ ಹೋಗ್ಬೇಕು ಅಂತ ಅದೇ ಹೇಳ್ತೈತಿ ಅಂತ ಅವ್ರ ವಾದ. ಆದ್ರೆ ಎಷ್ಟು ಜನಕ್ಕೆ ಎಷ್ಟು ಕೇಸು ಅಂತ ಭಾಗಾಕಾರ ಮಾಡೋಕೆ ಹೋದ್ರೆ ಕೈಲಿರೋದು 2011ರ ಜನಗಣತಿ, ಅದಾದ್ಮೇಲೆ ಎದ್ದ ಲೇಔಟುಗಳು ಅದ್ರಲ್ಲಿ ಜೋಳದ ಹೊಲ!

"ನಕ್ಷೆ ಮಾಡ್ರಿ, ಮನೆ ನಂಬರ್ ಮಾತ್ರ ಹಾಕ್ಬ್ಯಾಡ್ರಿ" ಅಂದ್ಲು ರೇಖಕ್ಕ. "ಟಿಬಿ ಇದ್ದ ಮನೆ ಅಂತ ಗೊತ್ತಾದ್ರೆ ಆ ಮನೆ ಹುಡ್ಗೀಗೆ ಸಂಬಂಧ ಬರಲ್ಲ." ಪಾರ್ಸೆಲ್ ತಗಂಡು ಹೊರಟ್ಲು. ಇಷ್ಟು ಹೊತ್ತಿನ ಹರಟೇಲಿ ಇದೊಂದು ಮಾತು ನಮ್ ನಾಲ್ಕೂ ಜನ್ರ ತಲೇಲಿ ಬಂದಿರ್ಲಿಲ್ಲ.

ಮೇಷ್ಟ್ರು ಅಲ್ಲೇ ಬಿಲ್ಲಿನ ಹಿಂದೆ ಓಣಿ ಹಂಚೋಕೆ ಶುರು ಮಾಡಿದ್ರು, ಭಾನುವಾರ ಎಲ್ರೂ ಹೋಗಿ ಡ್ರಮ್ಮು ಎಣಿಸೋದಂತೆ. ಮೊದಲ್ನೇ ಓಣಿ ನಂಗೆ, ಎರಡ್ನೇದು ಮಂಜಂಗೆ, ಮೂರ್ನೇದು ಬಸುಗೆ.

"ಮೂರ್ನೇದು ಬ್ಯಾಡ" ಅಂದ ಬಸು. "ಅಲ್ಲಿ ಇಬ್ರಿಗೆ ನಾನು ದುಡ್ಡು ಕೊಡೋದೈತಿ."

"ನೀನು ಹೋಗು ಮಂಜ."

"ಅಲ್ಲಿ ಬಿಳೀ ಗೇಟಿನ ಮನೆ ನಾಯಿ ಐತಿ ಮೇಷ್ಟ್ರೇ, ನೀವೇ ಹೋಗ್ರಿ."

ಅಲ್ಲಿ ಮೇಷ್ಟ್ರ ಬೀಗರ ಮನೆ. ಅವ್ರು ಒಂದು ಗಳಿಗೆ ಯೋಚ್ನೆ ಮಾಡಿ ಪೆನ್ನು ತಗಂಡು ಮೂರ್ನೇ ಓಣಿ ಮುಂದೆ ದುಂಡಗೆ ಬರೆದ್ರು: ಮಾಹಿತಿ ಲಭ್ಯವಿಲ್ಲ.